ಗೋಡೆಲೀವಳ ಕೋತಿ

ಬೆಳಗಿನ ಒಂಬತ್ತು ಗಂಟೆ. ಬ್ರೂಜ್ ಪಟ್ಟಣದ ಪಂಚರು ಕೂರುವ ಚಾವಡಿಯಲ್ಲಿ ಗೋಡೆಲೀವಳ ಪ್ರಾರ್ಥನಾ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟರು. ಗೋಡೆಲೀವ ಸತ್ತು ಒಂದೂವರೆ ತಿಂಗಳಾಗಿತ್ತು. ಮೇಜಿನ ಒಂದು ಬದಿಗೆ ಹಿರಿಯ ಮಗಳು ಬಾರ್ಬೆಲ್ ನಿಂತಿದ್ದಳು, ಇನ್ನೊಂದು ಬದಿಗೆ ಕಿರಿಯ ಮಗಳು ಜೋಸೀನ. ಪುಸ್ತಕ ತನ್ನದು ಎಂದು ಇಬ್ಬರೂ ಹೇಳುತ್ತಿದ್ದರು.

ಬಾರ್ಬೆಲ್ ಮೇಣದ ಬತ್ತಿ ಮಾಡುವವನ ಹೆಂಡತಿ. ಅವಳು ಅಕ್ಷರ ಕಲಿತದ್ದು ತಾಯಿಯ ತೊಡೆಯ ಮೇಲೆ ಕೂತು, ಆ ಪುಸ್ತಕದ ಚಿನ್ನದ ರೇಕಿನ ದೊಡ್ಡಕ್ಷರಗಳ ಮೇಲೆ ಬೆರಳಾಡಿಸಿ. ಸಾಯುವ ಮುನ್ನ ತಾಯಿ ಪಾದ್ರಿಯ ಎದುರಿಗೆ, ಪುಸ್ತಕ ಬಾರ್ಬೆಲ್‌ಗೆ ಎಂದು ಹೇಳಿದ್ದಳು. ಪಾದ್ರಿ ಅದನ್ನು ಒಪ್ಪಿಕೊಂಡೂ ಇದ್ದ. ಬೇರೆ ಯಾವ ಆಸ್ತಿಯ ಮೇಲೂ ಬಾರ್ಬೆಲ್‌ಗೆ ಕಣ್ಣಿರಲಿಲ್ಲ. ತಾಯಿಯ ತಾಮ್ರದ ಪಾತ್ರೆ, ಉಣ್ಣೆಯ ಹೊದಿಕೆ, ಎಲ್ಲವನ್ನೂ ತಂಗಿ ಹೊತ್ತುಕೊಂಡು ಹೋದಾಗ ಅವಳು ತುಟಿ ಬಿಚ್ಚಿರಲಿಲ್ಲ.

ಜೋಸೀನ ಬಟ್ಟೆ ವ್ಯಾಪಾರಿಯ ಹೆಂಡತಿ. ಅವಳ ವಾದ ಸರಳವಾಗಿತ್ತು. ತನ್ನದಲ್ಲದ್ದನ್ನು ತಾಯಿ ಅಕ್ಕನಿಗೆ ಕೊಡಲು ಹೇಗೆ ಬರುತ್ತದೆ? ಹನ್ನೆರಡು ವರ್ಷದ ಹಿಂದೆ, ಮದುವೆಯ ಉಡುಗೊರೆಯಾಗಿ ಗಂಡ ತನಗೆಂದೇ ಹೊಸದಾಗಿ ಬರೆಸಿಕೊಟ್ಟ ಪುಸ್ತಕ ಅದು, ತಾಯಿಗೆ ತಾನು ಓದಲು ಕೊಟ್ಟಿದ್ದಷ್ಟೆ. ಬೇಕಾದರೆ ತೆರೆದು ನೋಡಬಹುದು.

ತೆರೆದು ನೋಡಿದರು. ಮೇರಿ ಮಾತೆಯ ಮುಂದೆ ಮೊಣಕಾಲೂರಿ ಕೈಮುಗಿದ ಒಡತಿಯ ಚಿತ್ರದಲ್ಲಿ ಜೋಸೀನಳ ಮುಖವಿತ್ತು. ಕೆಳಗೆ ಅವಳ ಗಂಡನ ಮನೆತನದ ಲಾಂಛನವಿತ್ತು.

ಊರಿನ ಪದ್ಧತಿಯೇ ಹಾಗೆ. ಪುಸ್ತಕ ಕೈ ಬದಲಾಯಿಸಿದಾಗ ಹಳೆಯ ಒಡತಿಯ ಮುಖದ ಮೇಲೆ ಹೊಸ ಒಡತಿಯ ಮುಖ ಬರೆಸುತ್ತಾರೆ, ಲಾಂಛನ ತಿದ್ದಿಸುತ್ತಾರೆ. ಮೈ, ಉಡುಪು, ಮಂಡಿಯ ಕೆಳಗಿನ ದಿಂಬು ಹಾಗೇ ಉಳಿಯುತ್ತವೆ. ತಾಯಿ ಕೊನೆಯ ದಿನಗಳನ್ನು ಕಿರಿಯ ಮಗಳ ಮನೆಯಲ್ಲಿ ಕಳೆದಿದ್ದಳು. ಅವಳನ್ನು ಮಣ್ಣು ಮಾಡಿದ ವಾರವೇ ಜೋಸೀನ ಪುಸ್ತಕವನ್ನು ಗೆಂಟ್ ಪಟ್ಟಣಕ್ಕೆ ಕಳಿಸಿ ಕೆಲಸ ಮುಗಿಸಿದ್ದಳು. ಬ್ರೂಜಿನ ಚಿತ್ರಕಾರರಿಗೆ ಕೊಟ್ಟರೆ ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ ಎನ್ನುವಷ್ಟು ಬುದ್ಧಿ ಅವಳಿಗಿತ್ತು.

ಪಂಚರ ಹಿರಿಯ ಗಿಲಿಸ್ ಪುಟವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದ. ಗೋಡೆಲೀವ ಗಾತ್ರದ ಹೆಂಗಸು, ಜೋಸೀನ ಕಡ್ಡಿ. ಗುಡಾಣದ ಬಾಯಿಗೆ ನಿಂಬೆಹಣ್ಣು ಇಟ್ಟ ಹಾಗೆ ಕಾಣುತ್ತಿತ್ತು. ಈ ಮೈ ಯಾರದು ಎಂದು ಅವನು ಕೇಳಿದ. ತನ್ನದೇ, ಆಗ ತಾನು ಬಸುರಿ ಎಂದಳು ಜೋಸೀನ. ಭುಜವೂ ಬಸುರಾಗಿತ್ತೇ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಗಿಲಿಸ್ ಗದರಿ ಸುಮ್ಮನಾಗಿಸಿದ. ಆದರೂ ಮುಖವೇ ಸಾಕ್ಷಿ, ಮೈಯಲ್ಲ ಎಂಬ ಮಾತಿಗೆ ಉಳಿದ ಪಂಚರು ತಲೆಯಾಡಿಸಿದರು.

ಅವಳ ಬಳಿ ಇನ್ನೊಂದೇ ಸಾಕ್ಷಿ ಉಳಿದಿತ್ತು. ಅದನ್ನು ಹೇಳಬಾರದು ಎಂದು ರಾತ್ರಿಯೆಲ್ಲ ಗಟ್ಟಿ ಮಾಡಿಕೊಂಡು ಬಂದಿದ್ದಳು.

ಪುಸ್ತಕಕ್ಕೆ ಮೊದಲು ಬಣ್ಣ ಹಾಕಿದವನು ಊರಿನ ಚಿತ್ರಕಾರ ಲೀವನ್, ಈಗ ಅವನೂ ಇಲ್ಲ. ಆ ದಿನಗಳಲ್ಲಿ ಗೋಡೆಲೀವ ದಿನ ಬಿಟ್ಟು ದಿನ ಅವನ ಅಂಗಡಿಗೆ ಹೋಗಿ, ಮೂಗು ದೊಡ್ಡದಾಯಿತು, ನೀಲಿ ತೆಳುವಾಯಿತು, ಚಿನ್ನ ಮಂಕಾಯಿತು ಎಂದು ಪ್ರಾಣ ತಿಂದಿದ್ದಳು. ಅವನು ಒಂದು ಮಾತೂ ಎದುರಾಡಲಿಲ್ಲ. ಅವಳು ಕೇಳಿದಂತೆ ಚಿತ್ರದಲ್ಲಿ ಮೂಗು ಸಣ್ಣದು ಮಾಡಿದ. ಆಮೇಲೆ ಅದೇ ಹಾಳೆಯ ಅಂಚಿನಲ್ಲಿ, ಬಳ್ಳಿ ಮತ್ತು ಸ್ಟ್ರಾಬೆರಿಗಳ ನಡುವೆ, ಒಂದು ಕೋತಿ ಬರೆದ. ಮೂಗಿನ ತುದಿಗೆ ಕನ್ನಡಕ, ತಲೆಗೆ ಆ ಕಾಲದ ಎರಡು ಕೊಂಬಿನ ತಲೆವಸ್ತ್ರ, ಗಲ್ಲದ ಎಡಕ್ಕೆ ಕೂದಲಿದ್ದ ನರುಳ್ಳೆ. ಕೋತಿ ಕೆಳತುಟಿ ಮುಂದೆ ಚಾಚಿ, ಕೈಯಲ್ಲೊಂದು ಹೆರಿಂಗ್ ಮೀನು ಹಿಡಿದು ಮೂಸುತ್ತಿತ್ತು. ಗೋಡೆಲೀವ ಸಂತೆಯಲ್ಲಿ ಮೀನು ಕೊಳ್ಳುತ್ತಿದ್ದದ್ದು ಥೇಟ್ ಹಾಗೆಯೇ.

ಮನೆಯವರೆಲ್ಲ ಒಂದೇ ನೋಟಕ್ಕೆ ಗುರುತು ಹಿಡಿದರು. ಹಿಡಿಯದವಳು ಗೋಡೆಲೀವ ಒಬ್ಬಳೇ. ಅವಳು ಪ್ರತಿದಿನ ಬೆಳಗಿನ ಪ್ರಾರ್ಥನೆ ಮುಗಿಸಿ ಆ ಕೋತಿಯನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇದು ತನ್ನ ನಾದಿನಿಯೇ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ಒಮ್ಮೆ ನಾದಿನಿಗೂ ತೋರಿಸಿದಳು. ನಾದಿನಿ ಹೌದು ಹೌದು ಎಂದು ಎದ್ದು ಹೋದಳು. ಸಾಯುವವರೆಗೂ ಅಮ್ಮನಿಗೆ ತಿಳಿಯಬಾರದು ಎಂದು ಅಕ್ಕತಂಗಿಯರು ಚಿಕ್ಕಂದಿನಲ್ಲಿ ಆಣೆ ಮಾಡಿಕೊಂಡಿದ್ದರು.

ಅಮ್ಮ ಸತ್ತಾಯಿತು. ಬಾರ್ಬೆಲ್ ಶಿಲುಬೆ ಗುರುತು ಹಾಕಿಕೊಂಡಳು.

"ಯಜಮಾನ್ರೇ, ಆ ಅಂಚಲ್ಲಿರೋ ಕೋತಿ ನೋಡಿ," ಎಂದಳು. "ಅದು ನಮ್ಮಮ್ಮ."

ಗಿಲಿಸ್ ಪುಟ ನೋಡಿದ. ಅವನ ಮನೆ ಮೀನು ಸಂತೆಯ ಪಕ್ಕದಲ್ಲೇ ಇತ್ತು. ಅವನು ನಗು ತಡೆಯಲು ಮೀಸೆ ಒರೆಸಿಕೊಂಡ, ಆದರೆ ಕಿವಿ ಕೆಂಪಾಯಿತು. ಪುಸ್ತಕ ಕೈಯಿಂದ ಕೈಗೆ ಹೋಯಿತು. ಒಡತಿಯ ಮುಖ ತಿದ್ದುತ್ತಾರೆ, ಲಾಂಛನ ತಿದ್ದುತ್ತಾರೆ, ಅಂಚಿನ ಕೋತಿ ಬಸವನಹುಳುಗಳನ್ನು ಯಾರೂ ತಿದ್ದುವುದಿಲ್ಲ. ಗೆಂಟಿನವನೂ ತಿದ್ದಿರಲಿಲ್ಲ. ಗೋಡೆಲೀವಳನ್ನು ಬಲ್ಲ ಪಂಚರೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ಪುಸ್ತಕ ಹಿಂದಿರುಗಿಸಿದರು.

ಕೋತಿ ತಾಯಿಯಾದರೆ ಪುಸ್ತಕ ತಾಯಿಯದಾಗುತ್ತದೆ. ಜೋಸೀನಳಿಗೆ ಇದು ಹೊಳೆಯಲು ಹೊತ್ತು ಹಿಡಿಯಲಿಲ್ಲ.

"ಸುಳ್ಳು," ಎಂದಳು. "ಆ ಕೋತಿ ನಾನು."

ಬಾರ್ಬೆಲ್ ಬೆಚ್ಚಿ ತಂಗಿಯ ಕಡೆ ತಿರುಗಿದಳು. ಜೋಸೀನ ಅಲ್ಲಿಗೇ ನಿಲ್ಲಿಸಲಿಲ್ಲ. ಮದುವೆಯಾದ ಹೊಸದರಲ್ಲಿ ಲೀವನ್‌ಗೆ ತಾನೇ ಹೇಳಿ ತಮಾಷೆಗೆ ಬರೆಸಿಕೊಂಡದ್ದು ಎಂದಳು. ನಂಬಿಸಲು ಕೆಳತುಟಿ ಚಾಚಿ ತೋರಿಸಿದಳು. ನರುಳ್ಳೆ ಎಲ್ಲಿ ಎಂದು ಕೇಳಿದ್ದಕ್ಕೆ, ಆಗ ಇತ್ತು, ಕುದುರೆ ಬಾಲದ ಕೂದಲು ಕಟ್ಟಿ ಉದುರಿಸಿದೆ ಎಂದಳು. ಕನ್ನಡಕ? ಗಂಡನ ಲೆಕ್ಕ ನೋಡಲು. ಮೀನು? ತನಗೆ ಮೀನೆಂದರೆ ಪ್ರಾಣ. ಹಿಂದಿನ ಸಾಲಿನಲ್ಲಿ ಕೂತಿದ್ದ ಅವಳ ಗಂಡ ಟೊಪ್ಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ.

ಗಿಲಿಸ್‌ಗೆ ಏನು ಮಾಡಬೇಕೆಂದು ತೋಚಲಿಲ್ಲ. ಒಬ್ಬಳು ಹೆತ್ತವಳನ್ನು ಕೋತಿ ಎನ್ನುತ್ತಾಳೆ, ಇನ್ನೊಬ್ಬಳು ತನ್ನನ್ನೇ ಕೋತಿ ಎನ್ನುತ್ತಾಳೆ. ತಾನಾಗಿ ಬಂದು ನಾನು ಕೋತಿ ಎನ್ನುವವಳನ್ನು ಅಲ್ಲ ಎನ್ನುವ ಕಾನೂನು ಬ್ರೂಜಿನಲ್ಲಿ ಇರಲಿಲ್ಲ.

ಆಗ ಬಾರ್ಬೆಲ್ ತಂಗಿಯ ತಲೆಯ ಮೇಲಿದ್ದುದನ್ನು ನೋಡಿದಳು. ಚರ್ಚಿನ ಗೋಪುರದ ಹಾಗೆ ಚೂಪಾಗಿ ಮೇಲೆದ್ದ, ತುದಿಯಿಂದ ತೆಳು ಪರದೆ ಇಳಿಬಿದ್ದ ಆ ಟೋಪಿಯನ್ನು ಊರಿಗೆ ಮೊದಲು ತಂದವಳೇ ಜೋಸೀನ.

"ಅದ್ಸರಿ ಕಣೇ ಜೋಸೀನ," ಎಂದಳು ಬಾರ್ಬೆಲ್. "ಮದ್ವೆ ಹೊಸದ್ರಲ್ಲಿ ನೀನು ಈ ಎರಡು ಕೊಂಬಿಂದು ಹಾಕ್ಕೊಂಡು ಓಡಾಡ್ತಿದ್ಯಾ? ಆಗ್ಲೇ ಅಜ್ಜೀರೂ ಅದನ್ನ ಬಿಟ್ಟಿದ್ರಲ್ಲೇ."

ಜೋಸೀನ ಹಿಂದಕ್ಕೆ ತಿರುಗಿ ನೋಡಿದಳು. ಹಿಂದಿನ ಸಾಲಿನಲ್ಲಿ ಬಟ್ಟೆ ವ್ಯಾಪಾರಿಗಳ ಹೆಂಡಂದಿರು ಕುತ್ತಿಗೆ ಉದ್ದ ಮಾಡಿ ಕೂತಿದ್ದರು. ಹೌದು ಎಂದರೆ ಪುಸ್ತಕ ಅವಳದು.

"ಕೋತಿ ಅಂದ್ರೂ ಅನ್ನಿಸ್ಕೋತೀನಿ ಅಕ್ಕ," ಎಂದಳು ಕೊನೆಗೆ, "ಆ ಕೊಂಬನ್ನ ಮಾತ್ರ ನಾನು ಜನ್ಮದಲ್ಲಿ ತಲೆ ಮೇಲೆ ಇಟ್ಟಿಲ್ಲ."

ಗಿಲಿಸ್ ಪುಸ್ತಕವನ್ನು ಮುಚ್ಚಿ ಬಾರ್ಬೆಲ್‌ಳ ಕಡೆ ತಳ್ಳಿದ.

ಬಾರ್ಬೆಲ್ ನೇರವಾಗಿ ಲೀವನ್‌ನ ಮಗಳ ಅಂಗಡಿಗೆ ಹೋದಳು. ತಂದೆಯ ಕುಂಚ ಈಗ ಮಗಳ ಕೈಯಲ್ಲಿತ್ತು. ತಂಗಿಯ ಮುಖ ಅಳಿಸಿ ಯಾರ ಮುಖ ಬರೆಯಬೇಕು, ನಿಮ್ಮದೇ ಎಂದು ಚಿತ್ರಕಾರ್ತಿ ಕೇಳಿದಳು. ಅಲ್ಲ, ಅಮ್ಮನದು ಎಂದಳು ಬಾರ್ಬೆಲ್. ಅಮ್ಮ ಹೇಗಿದ್ದಳು ಎಂದರೆ ಹೇಳಲು ಬರಲಿಲ್ಲ. ಕೆನ್ನೆ ಉಬ್ಬಿಸಿದಳು, ಹುಬ್ಬು ಏರಿಸಿದಳು. ಒಂದೂ ಕೂಡಿಬರಲಿಲ್ಲ. ಕೊನೆಗೆ ಅಂಚಿನ ಕೋತಿಯ ಮೇಲೆ ಬೆರಳಿಟ್ಟಳು. ಲೋಕದಲ್ಲಿ ಉಳಿದಿದ್ದ ಅಮ್ಮನ ಮುಖ ಅದೊಂದೇ.

"ಇದನ್ನೇ ನೋಡ್ಕೊಂಡು ಬರೀರಿ," ಎಂದಳು. "ಮೈಮೇಲಿನ ಕೂದಲು ಒಂದು ಬಿಟ್ಬಿಡಿ."

ಚಿತ್ರಕಾರ್ತಿ ಹಾಗೆಯೇ ಬರೆದಳು. ಈಸ್ಟರ್ ಹಬ್ಬಕ್ಕೆ ಊಟಕ್ಕೆ ಬಂದ ಜೋಸೀನ ಪುಟ ತೆರೆದು ನೋಡಿ, ಅಮ್ಮನೇ ಕೂತ ಹಾಗಿದೆ ಎಂದು ಮೂಗೊರೆಸಿಕೊಂಡಳು. ಬಾರ್ಬೆಲ್ ಸತ್ತ ಮೇಲೆ ಪುಸ್ತಕ ಜೋಸೀನಳ ಮಗಳ ಪಾಲಿಗೆ ಬಂತು. ಅವಳು ಅಜ್ಜಿಯ ಮುಖದ ಮೇಲೆ ತನ್ನ ಮುಖ ಬರೆಸಿಕೊಂಡಳು.