ಗಿಣಿಗೆ ಕಲಿಸಿದ ವಾಕ್ಯ

ಅಕ್ಕನ ಎಡಗೈಯನ್ನು ಪ್ರೆಸ್ ಯಂತ್ರ ಮಣಿಕಟ್ಟಿನವರೆಗೆ ಜಜ್ಜಿಹಾಕಿತು. ತಪ್ಪು ಅವಳದೇ ಎಂದು ಹೇಳಿ ಕಾರ್ಖಾನೆ ಅವಳನ್ನು ಮನೆಗೆ ಕಳಿಸಿತು.

ತಗಡು ಒತ್ತುವ ಆ ಯಂತ್ರಕ್ಕೆ ಎರಡು ಗುಂಡಿ, ಎಡಕ್ಕೊಂದು ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯಬೇಕು. ಎರಡೂ ಕೈ ಗುಂಡಿಯ ಮೇಲಿದ್ದರೆ ಅಚ್ಚಿನಡಿ ಸಿಕ್ಕಲು ಕೈ ಎಲ್ಲಿಯದು? ಯಂತ್ರ ಮಾಡಿದವನಿಗೆ ಅಷ್ಟಾದರೂ ಕರುಣೆಯಿತ್ತು. ಸೂಪರ್‌ವೈಸರನಿಗೆ ಇರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಅವನು ಪ್ರತಿಯೊಬ್ಬಳ ಕೈಗೂ, ಮಕ್ಕಳಿಗೆ ಪೆಪ್ಪರಮೆಂಟು ಕೊಡುವವನ ಹಾಗೆ, ಒಂದು ಮರದ ಬೆಣೆ ಕೊಡುತ್ತಿದ್ದ. ಎಡಗುಂಡಿಯನ್ನು ಒತ್ತಿ ಸಂದಿಗೆ ಬೆಣೆ ತುರುಕಿದರೆ ಅದು ಒತ್ತಿಕೊಂಡೇ ಇರುತ್ತದೆ. ಬಲಗೈ ಗುಂಡಿಗೆ, ಎಡಗೈ ತಗಡಿಗೆ. ಕೆಲಸ ಎರಡರಷ್ಟು. ತಪಾಸಣೆಗೆ ಯಾರಾದರೂ ಬರುವ ದಿನ ಅವನೇ ಸಾಲಿನುದ್ದಕ್ಕೂ ನಡೆದು ಬೆಣೆಗಳನ್ನೆಲ್ಲ ತನ್ನ ಊಟದ ಡಬ್ಬಿಗೆ ತುಂಬಿಕೊಳ್ಳುತ್ತಿದ್ದ. ಬಂದವರು ಹೋದ ಮೇಲೆ ಮತ್ತೆ ಹಂಚುತ್ತಿದ್ದ.

ಅಕ್ಕನ ಪಕ್ಕದ ಯಂತ್ರದಲ್ಲೇ ತಂಗಿ ದುಡಿಯುತ್ತಿದ್ದಳು. ಅವಳನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು. ಪಾಳಿ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ನಡೆಯುವ ಇಂಗ್ಲಿಷ್ ಕ್ಲಾಸಿನಲ್ಲಿ ಮೇಷ್ಟ್ರು ಒಮ್ಮೆ ಹೇಳಿದರೆ ಸಾಕು, ಅದನ್ನು ಹಾಗೇ ಒಪ್ಪಿಸುತ್ತಿದ್ದಳು. ಮಾಲು ಕೊಳ್ಳುವ ಪರದೇಶದವರು ಬಂದಾಗ ನಾಲ್ಕು ಮಾತಾಡಲು ಯಾರಾದರೂ ಬೇಕೆಂದು ಮ್ಯಾನೇಜರ್ ಇಡಿಸಿದ್ದ ಕ್ಲಾಸು ಅದು.

ಅಂಥವರು ಬರುವ ಹಿಂದಿನ ಸಂಜೆ ಮೇಷ್ಟ್ರು, ನಡೆಯದೇ ಹೋದದ್ದನ್ನು ಹೇಳುವ ವಾಕ್ಯ ಎತ್ತಿಕೊಂಡರು.

"ಮೊದಲು ಇಫ್. ಆಮೇಲೆ ಹ್ಯಾಡ್. ಕೊನೆಗೆ ವುಡ್ ಹ್ಯಾವ್. ಹಾಗಾಗಿದ್ದಿದ್ರೆ ಹೀಗಾಗ್ತಿತ್ತು ಅಂತ. ಆಗಿಲ್ಲ, ಇನ್ನು ಆಗೋದೂ ಇಲ್ಲ, ಬರೀ ಮಾತು. ಒಬ್ಬೊಬ್ರೇ ಹೇಳಿ ನೋಡೋಣ."

"ನಮ್ಮಪ್ಪ ಕುಡೀದೆ ಇದ್ದಿದ್ರೆ ನಾನು ಈ ಗಂಡನ್ನ ಕಟ್ಕೊತಿರ್ಲಿಲ್ಲ," ಎಂದಳು ಪ್ಯಾಕಿಂಗಿನ ದಪ್ಪಮ್ಮ. "ಇದನ್ನ ಇಂಗ್ಲಿಷಲ್ಲಿ ಕಲಿಸಿ ಮೇಷ್ಟ್ರೇ, ಅವನ ಮುಂದೇನೇ ಹೇಳ್ತೀನಿ. ಅರ್ಥಾನೂ ಆಗಲ್ಲ, ಏಟೂ ಬೀಳಲ್ಲ."

ಬೆಂಚುಗಳು ಅಲುಗಾಡುವಷ್ಟು ನಕ್ಕರು.

ಗಿಣಿಯ ಸರದಿ ಬಂದಾಗ ಮೇಷ್ಟ್ರು ಅವಳನ್ನು ಕೇಳಲಿಲ್ಲ. ತಾವೇ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದು ಅರ್ಥ ಹೇಳಿದರು: ನನ್ನ ಅಕ್ಕ ಎರಡೂ ಗುಂಡಿ ಒತ್ತಿದ್ದರೆ ಅವಳ ಕೈ ಹೋಗುತ್ತಿರಲಿಲ್ಲ.

"ನಾಳೆ ಬರೋರು ಆ ವಿಷ್ಯ ಕೇಳೇ ಕೇಳ್ತಾರೆ. ಒಡಹುಟ್ಟಿದೋಳ ಬಾಯಲ್ಲಿ ಬಂದ್ರೆ ತೂಕ ಜಾಸ್ತಿ ಅಂದ್ರು ಮ್ಯಾನೇಜರು."

ಗಿಣಿ ಎದ್ದು ನಿಂತಳು. ಇಫ್ ಎಂದಳು. ಸೂಪರ್‌ವೈಸರ್ ಎಂದಳು. ಬೆಣೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ತಿಳಿಯದೆ ಬೆಣೆ ಎಂದೇ ಹೇಳಿ, ಅವನು ಅದನ್ನು ಕೊಡದೇ ಇದ್ದಿದ್ದರೆ ಅಕ್ಕನ ಕೈ ಉಳಿಯುತ್ತಿತ್ತು ಎಂಬಲ್ಲಿಯವರೆಗೆ ಎಲ್ಲೂ ಎಡವದೆ ಮುಗಿಸಿದಳು.

ಈ ಸಲ ಯಾರೂ ನಗಲಿಲ್ಲ. ಮೇಷ್ಟ್ರು ಬಾಗಿಲಿನತ್ತ ಒಮ್ಮೆ ನೋಡಿದರು.

"ವ್ಯಾಕರಣ ಸರಿಯಾಗಿದೆ," ಎಂದರು. "ಆದ್ರೆ ಆ ವಾಕ್ಯ ಬೇಡಮ್ಮ."

ಮನೆಯಲ್ಲಿ ಅಕ್ಕ ಒದ್ದೆ ಲಂಗವನ್ನು ನಲ್ಲಿಗೆ ಸುತ್ತಿ ಒಂದೇ ಕೈಯಲ್ಲಿ ಹಿಂಡುತ್ತಿದ್ದಳು. ತಂಗಿ ಹೇಳಿದ್ದನ್ನೆಲ್ಲ ಕೇಳಿಯೂ ಹಿಂಡುವುದನ್ನು ನಿಲ್ಲಿಸಲಿಲ್ಲ.

"ಹೇಳಿಬಿಡೇ. ನಾನು ಪೆದ್ದಿ ಅಂತ ತಾನೇ? ಅಂದ್ಕೊಳ್ಳಿ. ನೀನೂ ಮನೇಲಿ ಕೂತ್ರೆ, ಇಬ್ರೂ ಸೇರಿ ಮೂರು ಕೈಯಲ್ಲಿ ಏನ್ ತಿನ್ನೋಣ, ಗಾಳಿನಾ?"

"ಎಲ್ಲಾ ನಿನ್ನ ಮೇಲೆ ಹೊರಿಸ್ತಾರಲ್ಲೇ."

"ಹೊರಿಸಿ ಆಗಿದೆ. ಹಿಡಿ ಆ ತುದಿ."

ತಂಗಿ ಲಂಗದ ಇನ್ನೊಂದು ತುದಿ ಹಿಡಿದಳು. ಅಕ್ಕನ ಮೊಂಡುಗೈ ಅಭ್ಯಾಸಬಲದಿಂದ ಬಟ್ಟೆಯತ್ತ ಚಾಚಿ, ಏನೂ ಹಿಡಿಯಲಾಗದೆ ಹಿಂದಕ್ಕೆ ಹೋಯಿತು.

ಬೆಳಿಗ್ಗೆ ಬೆಣೆ ತುಂಬಿಕೊಳ್ಳಲು ಡಬ್ಬಿ ಹಿಡಿದು ಬಂದ ಸೂಪರ್‌ವೈಸರನಿಗೆ ಗಿಣಿ, "ನಂದು ಮುರಿದೋಯ್ತಣ್ಣ, ಬಿಸಾಕ್ದೆ," ಎಂದಳು. ಅವನಿಗೆ ಹೆಚ್ಚು ಕೇಳುವ ವ್ಯವಧಾನವಿರಲಿಲ್ಲ. ಗೇಟಿನಲ್ಲಿ ಕಾರು ಆಗಲೇ ನಿಂತಿತ್ತು.

ಹಳದಿ ಟೋಪಿ ಹಾಕಿಕೊಂಡ ಪರದೇಶದವರು ಅವಳ ಯಂತ್ರದ ಮುಂದೆ ಬಂದು ನಿಂತರು. ಅಕ್ಕರೆಯ ಚಿಕ್ಕಪ್ಪನಂತೆ ಮ್ಯಾನೇಜರ್ ಅವಳ ಹೆಗಲ ಮೇಲೆ ಕೈಯಿಟ್ಟು, ಇವಳೇ ಆ ತಂಗಿ ಎಂದು ಪರಿಚಯಿಸಿದ. ಬಂದವರಲ್ಲಿ ಒಬ್ಬಾಕೆ ಬಗ್ಗಿ, ಮೆಲುದನಿಯಲ್ಲಿ, ಏನಾಯಿತೆಂದು ಕೇಳಿದಳು.

"ಹೇಳು ಗಿಣಿ," ಎಂದ ಮ್ಯಾನೇಜರ್. ಹಿಂದೆ ನಿಂತಿದ್ದ ಮೇಷ್ಟ್ರು ತುಟಿಯಲ್ಲೇ ಇಫ್ ಮೈ ಸಿಸ್ಟರ್ ಎಂದು ಎತ್ತಿಕೊಟ್ಟರು.

ಗಿಣಿ ಎಡಗುಂಡಿಯನ್ನು ಒತ್ತಿದಳು. ಸೊಂಟದಿಂದ ಬೆಣೆ ತೆಗೆದು ಸಂದಿಗೆ ತುರುಕಿದಳು. ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ, ಬಲಗೈಯಿಂದ ಇನ್ನೊಂದು ಗುಂಡಿ ಒತ್ತಿದಳು. ತಗಡಿಲ್ಲದ ಬರೀ ಹಾಸಿನ ಮೇಲೆ ಅಚ್ಚು ಧಡ್ಡೆಂದು ಇಳಿಯಿತು. ಮತ್ತೆ ಒತ್ತಿದಳು. ಮತ್ತೆ ಇಳಿಯಿತು.

ಹಳದಿ ಟೋಪಿಗಳು ಒಂದರತ್ತ ಒಂದು ತಿರುಗಿದವು. ಮ್ಯಾನೇಜರನ ನಗು ಮುಖದ ಮೇಲೆ ಹಾಗೇ ಇತ್ತು. ಮಾತು ಮಾತ್ರ, ಬಂದವರಿಗೆ ತಿಳಿಯದ ಭಾಷೆಯಲ್ಲಿ, ಹಲ್ಲಿನ ಸಂದಿಯಿಂದ ಬಂತು.

"ತೆಗಿ ಅದನ್ನ. ತೆಗೆದು, ಕಲಿಸಿದ್ದನ್ನ ಹೇಳು. ಇಲ್ಲಾಂದ್ರೆ ಇವತ್ತೇ ಗೇಟಿನಾಚೆ ಇರ್ತೀಯ."

ಗಿಣಿ ಬೆಣೆಯ ಮೇಲೆ ಅಂಗೈ ಊರಿದಳು.

"ತೆಗೆಯಲ್ಲ," ಎಂದಳು. "ಹೇಳೋದೂ ಇಲ್ಲ."