ಅರಗಿನ ಮುದ್ರೆಯ ಹಿಂದಿನ ಮಾರ್ಕ್ಸ್‌ಕಾರ್ಡು

ಮತದಾನಕ್ಕೆ ಎರಡು ದಿನ ಮುಂಚೆ ಹೆಂಡದಂಗಡಿ ಮುಚ್ಚಿಸುವ ಬುದ್ಧಿ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ, ಅಂಥದೇ ಅಂಗಡಿ ಇಟ್ಟುಕೊಂಡಿದ್ದ ಬಾಟ್ಲಿ ಮಾವನಿಗೆ ಅವನ ಮೇಲೆ ಇಪ್ಪತ್ತು ವರ್ಷದ ಸಿಟ್ಟಿತ್ತು. ಕುಡಿಯುವವರು ಕುಡಿಯುವುದನ್ನೇನೂ ಬಿಡುವುದಿಲ್ಲ, ಮೂರು ದಿನದ್ದನ್ನು ಒಂದೇ ಸಂಜೆ ಹೊತ್ತೊಯ್ಯುತ್ತಾರೆ. ಮಾವ ಮಾತ್ರ ಈವರೆಗೆ ಒಂದು ತೊಟ್ಟೂ ಬಾಯಿಗೆ ಬಿಟ್ಟವನಲ್ಲ. ಆದರೂ ಬೀದಿಯ ಮಕ್ಕಳಿಂದ ಬ್ಯಾಂಕಿನವರ ತನಕ ಎಲ್ಲರ ಬಾಯಲ್ಲೂ ಅವನಿಗೆ ಅದೇ ಹೆಸರು.

ಆ ಸಂಜೆಯೂ ಅಂಗಡಿ ಮುಂದೆ ಕಾಲಿಡಲು ಜಾಗವಿರಲಿಲ್ಲ. ಸರಿಯಾಗಿ ಆರಕ್ಕೆ ಅಬಕಾರಿ ಇನ್‌ಸ್ಪೆಕ್ಟರಮ್ಮ ಬಂದರು. ಗಿರಾಕಿಗಳನ್ನು ಚದುರಿಸಿ, ಶಟರ್ ಎಳೆಸಿ, ಬೀಗಕ್ಕೆ ಕಾಗದ ಸುತ್ತಿಸಿ, ಅದರ ಮೇಲೆ ಕೆಂಪು ಅರಗು ಕರಗಿಸಿ ಮುದ್ರೆ ಒತ್ತಿದರು. ಮಾವ ರುಜು ಹಾಕಿ, ಸೊಂಟ ನೀವಿಕೊಳ್ಳುತ್ತ ಮನೆಗೆ ಹೋದ.

ಮಗಳು ಬೆಳಿಗ್ಗೆ ಉಡುವ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. "ಅಪ್ಪಾ, ನನ್ನ ಸರ್ಟಿಫಿಕೇಟ್ ಫೈಲ್ ತಂದ್ಯಾ?"

ಮಾವ ಹಣೆ ಚಚ್ಚಿಕೊಂಡ. ಮನೆಗೆ ಗೆದ್ದಲು ಹಿಡಿದಾಗಿನಿಂದ ಬೇಕಾದ ಕಾಗದಗಳೆಲ್ಲ ಅಂಗಡಿಯ ಕಬ್ಬಿಣದ ಕಪಾಟಿನಲ್ಲಿದ್ದವು. ಮರೆಯದೆ ತರಬೇಕೆಂದು ಬೆಳಿಗ್ಗೆಯಿಂದ ನಾಲ್ಕು ಸಲ ಅಂದುಕೊಂಡವನು ಗಿರಾಕಿಗಳ ನೂಕುನುಗ್ಗಲಿನಲ್ಲಿ ಮರೆತೇಬಿಟ್ಟಿದ್ದ. ನಾಳೆ ಹತ್ತು ಗಂಟೆಗೆ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸಂದರ್ಶನ. ಮೂಲಪ್ರತಿ ಇಲ್ಲದವರು ಬರುವುದೇ ಬೇಡ ಎಂದು ಅವರು ಮೊದಲೇ ಬರೆದು ತಿಳಿಸಿದ್ದರು.

"ಮುದ್ರೆ ಒಡೆದ್ರೆ?"

"ಜೈಲು ಕಣಮ್ಮ."

ಮಗಳು ಬೈಯಲಿಲ್ಲ. ಬೈದಿದ್ದರೆ ಮಾವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದಳು. ಮಾವ ಚಪ್ಪಲಿ ಮೆಟ್ಟಿಕೊಂಡು ಅಬಕಾರಿ ಕಚೇರಿಗೆ ಓಡಿದ.

"ಐದೇ ನಿಮಿಷ ಮೇಡಂ. ನೀವೇ ಎದುರಿಗೆ ನಿಂತು ತೆಗೆಸಿ, ನೀವೇ ಮುಚ್ಚಿಸಿ."

"ಮುದ್ರೆ ಒತ್ತೋದಷ್ಟೇ ನನ್ನ ಕೈಲಿರೋದು. ಮತದಾನ ಮುಗಿಯೋ ತನಕ ತೆಗೆಯೋ ಹಾಗಿಲ್ಲ." ಇನ್‌ಸ್ಪೆಕ್ಟರಮ್ಮ ಅವನ ಮುಖವನ್ನೇ ನೋಡಿದರು. "ಒಂದು ಕಾಗದ ಕೊಡ್ತೀನಿ, ಸಂದರ್ಶನದಲ್ಲಿ ತೋರಿಸ್ಲಿ. ಆದ್ರೆ ಇದ್ದದ್ದು ಇದ್ದ ಹಾಗೇ ಬರೀತೀನಿ, ಆಗ್ಬಹುದಾ?"

ಹಾಗೆಯೇ ಬರೆದರು. ಈ ಅಭ್ಯರ್ಥಿಯ ಮೂಲಪ್ರತಿಗಳು ಆಕೆಯ ತಂದೆಯ ಮದ್ಯದಂಗಡಿಯಲ್ಲಿವೆ, ಚುನಾವಣೆಯ ನಿಯಮದಂತೆ ಆ ಅಂಗಡಿಗೆ ನಾನೇ ಮೊಹರು ಹಾಕಿದ್ದೇನೆ. ಕೆಳಗೆ ರುಜು, ಇಲಾಖೆಯ ಮುದ್ರೆ. ಮಾವ ಕೈ ಮುಗಿದ. ಯಾರದಾದರೂ ಉಪಕಾರ ತೀರಿಸಬೇಕಾದರೆ ಅವನಿಗೆ ಗೊತ್ತಿದ್ದದ್ದು ಒಂದು ಬಾಟ್ಲಿ ಕೊಡುವುದು, ಅದೂ ಬೀಗದೊಳಗಿತ್ತು. ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ ಎಂದಷ್ಟೇ ಹೇಳಿ ಹೊರಬಿದ್ದ.

ದಾರಿಯಲ್ಲಿ ಕಾಗದ ಕೈಯಲ್ಲಿ ಭಾರವಾಯಿತು. ಓದುವ ಕಡೆಯಲ್ಲೆಲ್ಲ ಮಗಳು ಅಪ್ಪನದು ಜನರಲ್ ಸ್ಟೋರ್ಸ್ ಎಂದೇ ಹೇಳಿಕೊಂಡು ಬಂದಿದ್ದಳು. ಹಾಗೆ ಹೇಳು ಎಂದು ಕಲಿಸಿದವನೂ ಅವನೇ. ಮನೆಯಲ್ಲಿ ಮಗಳು ಕಾಗದವನ್ನು ಎರಡು ಸಲ ಓದಿ, ಮಡಿಸಿ, ಚೀಲಕ್ಕೆ ಹಾಕಿಕೊಂಡಳು.

ಮರುದಿನ ಮಾವ ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ತುದಿಯಲ್ಲಿ ಕುಳಿತಿದ್ದ. ಸಂದರ್ಶನದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಯಾರೋ ಕಾಗದವನ್ನು ಗಟ್ಟಿಯಾಗಿ ಓದಿದರು, ಇನ್ಯಾರೋ ಕಿಸಕ್ಕೆಂದು ನಕ್ಕರು.

"ನಿಮ್ಮ ತಂದೆ ಹೆಂಡ ಮಾರ್ತಾರಾ?"

ಭೂಮಿ ಬಾಯ್ಬಿಡಬಾರದೇ ಎನಿಸಿತು ಮಾವನಿಗೆ.

"ಹೌದು ಸರ್," ಎಂದಳು ಮಗಳು. ದನಿ ಸ್ವಲ್ಪ ನಡುಗಿತು, ನಿಲ್ಲಲಿಲ್ಲ. "ಇಪ್ಪತ್ತು ವರ್ಷದಿಂದ. ಅಮ್ಮ ಹೋದ ಮೇಲೆ ನನ್ನ ಊಟ, ಓದು ಎಲ್ಲ ಅದರಲ್ಲೇ ಆಗಿದ್ದು. ಅವರಿಂದಾನೇ ಇಲ್ಲಿ ಕೂತಿದ್ದೀನಿ."

ನಗು ನಿಂತಿತು. ಮತದಾನ ಮುಗಿದ ಮರುದಿನವೇ ಮೂಲಪ್ರತಿ ತನ್ನಿ, ಅಲ್ಲಿಯ ತನಕ ನಿಮ್ಮ ಜಾಗ ನಿಮಗೇ ಇರುತ್ತದೆ ಎಂದಿತು ವಯಸ್ಸಾದ ಒಂದು ದನಿ. ಆಮೇಲೆ ಅದೇ ದನಿ ಕೇಳಿತು, "ಅವರೂ ಬಂದಿದ್ದಾರಾ?"

ಮಗಳು ಬಾಗಿಲಿಗೆ ಬಂದಳು. ಸಾಲಾಗಿ ಕುಳಿತಿದ್ದವರೆಲ್ಲರೂ ನೋಡುತ್ತಿದ್ದರು.

"ಅಪ್ಪಾ, ಒಳಗೆ ಬಾ."

ಕಾಲೇಜಿನ ಗೇಟಿನಾಚೆಯೇ ನಿಂತು ಅವಳಿಗಾಗಿ ಕಾದು ರೂಢಿಯಾದವನಿಗೆ ಎದ್ದು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.