ವಿಭೂತಿ ಹಚ್ಚಿದ ಅಯಸ್ಕಾಂತ

ಚಿಕ್ಕಲಸಂದ್ರದ ಏರಿನಲ್ಲಿ ನೀರಿನ ಟ್ಯಾಂಕರ್ ಮತ್ತೆ ನಿಂತುಹೋಯಿತು. ಕರಿಬಸವಯ್ಯ ಹ್ಯಾಂಡ್‌ಬ್ರೇಕ್ ಎಳೆದು ಇಳಿದ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಟ್ಯಾಂಕರಿನ ಹೊಟ್ಟೆ ತುಂಬ ನೀರು. ಎಂಜಿನ್ನಿಗೆ ಮಾತ್ರ ಒಂದು ತೊಟ್ಟು ಡೀಸೆಲ್ ಇಲ್ಲ.

ಸೀಟಿನ ಕೆಳಗಿದ್ದ ಕ್ಯಾನು ಹಿಡಿದು ಬಂಕಿಗೆ ನಡೆದ. ತನ್ನ ಜೇಬಿನ ಕಾಸಲ್ಲೇ ತಂದು ಸುರಿದ. ಆದರೂ ಗಾಡಿ ಏಳಲಿಲ್ಲ. ಒಮ್ಮೆ ಒಣಗಿದ ಪೈಪಿನೊಳಗೆ ಗಾಳಿ ಸೇರಿಕೊಂಡರೆ ಅದು ಸುಲಭಕ್ಕೆ ಹೋಗುವುದಿಲ್ಲ. ಕಾದ ರಸ್ತೆಯ ಮೇಲೆ ಅಂಗಾತ ಮಲಗಿ, ನಟ್ಟು ಸಡಿಲಿಸಿ, ನೊರೆ ನಿಲ್ಲುವವರೆಗೂ ಕೈಪಂಪು ಒತ್ತುತ್ತಲೇ ಇರಬೇಕು. ಅವನ ಬೆರಳ ಗೆಣ್ಣು ಸುಲಿದು ರಕ್ತ ಬಂದಿತ್ತು. ಕಣ್ಣಿಗೆ ಡೀಸೆಲ್ ತೊಟ್ಟಿಕ್ಕಿತ್ತು.

ಮಹಡಿಯ ಮೇಲಿಂದ ಒಬ್ಬ ಹೆಂಗಸು ಬಗ್ಗಿ ನೋಡಿದರು. "ಏನ್ರೀ, ಸಂಪು ಖಾಲಿಯಾಗಿ ಎಷ್ಟೊತ್ತಾಯ್ತು. ನೀವು ನೋಡಿದ್ರೆ ಇಲ್ಲಿ ಮಲಗಿದ್ದೀರಲ್ಲ?"

"ಗಾಡಿ ಮಲಗಿದೆ ಮೇಡಂ. ನಾನು ಎಬ್ಬಿಸ್ತಾ ಇದ್ದೀನಿ."

ಅವನ ಮುಖದ ನೇರಕ್ಕೆ, ಡೀಸೆಲ್ ಪೈಪನ್ನು ಕಚ್ಚಿಕೊಂಡು, ಬೆಂಕಿಪೆಟ್ಟಿಗೆಯಷ್ಟು ಅಗಲದ ಕಪ್ಪು ಅಯಸ್ಕಾಂತವಿತ್ತು. ಅದರ ಮೇಲಿನ ವಿಭೂತಿಯ ಗೆರೆ ಇನ್ನೂ ಪೂರ್ತಿ ಅಳಿಸಿರಲಿಲ್ಲ. ಅದನ್ನು ಎಳೆದದ್ದು ಅವನದೇ ಬೆರಳು.

ಆಯುಧಪೂಜೆಯ ದಿನ ಅಂಜನಾಪುರದ ಶೆಡ್ಡಿಗೆ ಟ್ಯಾಂಕರುಗಳ ಮಾಲೀಕ ಮಹಾಂತೇಶ್ ಒಬ್ಬರನ್ನು ಕರೆತಂದಿದ್ದರು. ಹೆಸರು ಭಾರ್ಗವ. ಇಸ್ತ್ರಿ ಕೆಡದ ಅಂಗಿ, ಮೆತ್ತನೆಯ ಮಾತು. ಈ ಮ್ಯಾಗ್ನೆಟ್ ಪೈಪಿಗೆ ಕೂತರೆ ಎಣ್ಣೆಯ ಕಣ ಕಣವೂ ಬಿಡಿಬಿಡಿಯಾಗಿ ಚೆನ್ನಾಗಿ ಉರಿಯುತ್ತದೆ, ಐದರಲ್ಲಿ ಒಂದು ಪಾಲು ಉಳಿಯುತ್ತದೆ ಎಂದು ಅವರು ವಿವರಿಸಿದರು. ಡ್ರೈವರುಗಳು ಮುಖ ಮುಖ ನೋಡಿಕೊಂಡರು. ಆಗ ಮಹಾಂತೇಶ್, "ಕರಿಬಸವಯ್ಯ, ನಿನ್ನ ಕೈಯಲ್ಲೇ ಪೂಜೆ ಆಗ್ಲಿ" ಎಂದರು.

ಪ್ರತಿವರ್ಷ ಗಾಡಿಗಳಿಗೆ ಪೂಜೆ ಮಾಡುತ್ತಿದ್ದವನು ಅವನೇ. ಕೊರಳಲ್ಲಿ ಲಿಂಗ ಕಟ್ಟಿದವನು, ಲಿಂಗಪೂಜೆಯಾಗದೆ ಹನಿ ನೀರು ಬಾಯಿಗೆ ಹಾಕದವನು. ಒಂದೊಂದು ಅಯಸ್ಕಾಂತಕ್ಕೂ ವಿಭೂತಿ ಬಳಿದ, ಕುಂಕುಮವಿಟ್ಟ, ಸೇವಂತಿಗೆ ಇಟ್ಟು ಕೈಮುಗಿದ. ಅವನು ಪೂಜಿಸಿದ ಮೇಲೆ ಅದರ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಮಾರನೆಯ ದಿನದಿಂದಲೇ ಪ್ರತಿ ಗಾಡಿಗೂ ಕೊಡುತ್ತಿದ್ದ ಡೀಸೆಲ್ ಐದರಲ್ಲಿ ಒಂದು ಪಾಲು ಕಡಿಮೆಯಾಯಿತು. ಉಳಿಯುತ್ತದೋ ಇಲ್ಲವೋ ನೋಡೋಣ ಎಂದು ಮಹಾಂತೇಶ್ ಕಾಯಲಿಲ್ಲ. ಉಳಿಯುತ್ತದೆ ಎಂದು ಹೇಳಿದ್ದೇ ಸಾಕಾಗಿತ್ತು.

ಮೊದಲು ಸಿಕ್ಕಿಬಿದ್ದವನು ಅದೇ ಶೆಡ್ಡಿನ ಡ್ರೈವರು ಪಿಳ್ಳಪ್ಪ. ಕುಮಾರಸ್ವಾಮಿ ಲೇಔಟಿನ ಒಂದು ಅಪಾರ್ಟ್‌ಮೆಂಟಿನ ಮುಂದೆ ಅವನ ಗಾಡಿ ಡೀಸೆಲ್ಲಿಲ್ಲದೆ ನಿಂತಿತು. ಮಹಾಂತೇಶ್ ಅಲ್ಲಿಗೇ ಬಂದರು. ಜನರೆಲ್ಲ ಕೇಳುವ ಹಾಗೆ, "ಟ್ಯೂಬ್ ಹಾಕಿ ಡೀಸೆಲ್ ಎಳೆದು ಮಾರ್ಕೊಂಡಿದ್ದೀಯ. ನೀನು ಸುಳ್ಳು ಹೇಳ್ಬಹುದು, ಮ್ಯಾಗ್ನೆಟ್ ಹೇಳುತ್ತಾ?" ಎಂದರು. ಅಂದೇ ಪಿಳ್ಳಪ್ಪನ ಕೆಲಸ ಹೋಯಿತು. ಬೇರೆ ಶೆಡ್ಡುಗಳಿಗೂ ಫೋನು ಹೋಯಿತು. ಅದೇ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸಕ್ಕಿದ್ದ ಅವನ ಹೆಂಡತಿಗೆ, ಇನ್ನು ಬರುವುದು ಬೇಡ ಎಂದು ಗೇಟಿನಲ್ಲೇ ಹೇಳಿ ಕಳಿಸಿದರು. ಪಿಳ್ಳಪ್ಪ ಟೀ ಅಂಗಡಿಗೆ ಬರುವುದನ್ನೂ ಬಿಟ್ಟ.

ಕರಿಬಸವಯ್ಯ ಮನೆಗೆ ಹೋಗಿ ನೋಡಿ ಬಂದ. ಗೋಡೆಗೆ ಮುಖ ಮಾಡಿ ಮಲಗಿದ್ದ ಪಿಳ್ಳಪ್ಪ ತಿರುಗದೆ ಒಂದೇ ಮಾತು ಕೇಳಿದ: "ನೀನು ಪೂಜೆ ಮಾಡಿದ್ದಲ್ವಾ ಅಣ್ಣ? ಹಂಗಾದ್ರೆ ನಾನೇ ಕಳ್ಳ ಇರ್ಬೇಕು."

ಆ ಮಾತು ಅವನನ್ನು ಬಿಡಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೋ ಶಿವನೇ ಎಂದು ಬೇಡಿ, ತನ್ನ ಗಾಡಿಯ ಅಯಸ್ಕಾಂತವನ್ನು ಬಿಚ್ಚಿದ. ವಸ್ತ್ರದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಅದೇ ರಸ್ತೆ, ಅದೇ ನೀರು, ಅದೇ ಏರು. ಅದು ಇದ್ದಾಗ ಎಷ್ಟು ಡೀಸೆಲ್ ಸಾಲದೆ ಬರುತ್ತಿತ್ತೋ, ಇಲ್ಲದಾಗಲೂ ಅಷ್ಟೇ ಸಾಲದೆ ಬಂತು. ದಿನ ಕಳೆದರೂ ಲೆಕ್ಕ ಬದಲಾಗಲಿಲ್ಲ. ಅವನಿಗೆ ಅಳು ಬರಲಿಲ್ಲ. ತಾನು ವಿಭೂತಿ ಹಚ್ಚಿದ್ದು ಪಿಳ್ಳಪ್ಪನ ತಲೆಗೆ ಬಿದ್ದ ಕಲ್ಲಿಗೆ ಎಂಬುದು ಮಾತ್ರ ತಿಳಿಯಿತು.

ಗಾಡಿಗಳು ದಾರಿಯಲ್ಲಿ ನಿಲ್ಲುವುದು ಹೆಚ್ಚಾದಾಗ ಮಹಾಂತೇಶ್ ಒಂದು ಸೋಮವಾರ ಎಲ್ಲರನ್ನೂ ಶೆಡ್ಡಿಗೆ ಕರೆಸಿದರು. ಕಬ್ಬಿಣದ ಮೇಜಿನ ಮೇಲೆ ಶಿವನ ಫೋಟೋ ಇಟ್ಟು, ಹಿತ್ತಾಳೆ ತಟ್ಟೆಯಲ್ಲಿ ಕರ್ಪೂರ ಹಚ್ಚಿಸಿದ್ದರು. ಇನ್ನೂ ದೊಡ್ಡ ಅಯಸ್ಕಾಂತಗಳ ಪೆಟ್ಟಿಗೆ ಹಿಡಿದು ಭಾರ್ಗವ ಪಕ್ಕದಲ್ಲಿದ್ದರು. ಡೀಸೆಲ್ ಕದ್ದಿಲ್ಲ ಎಂದು ಪ್ರತಿಯೊಬ್ಬನೂ ಕರ್ಪೂರದ ಮೇಲೆ ಕೈಯಿಟ್ಟು ಪ್ರಮಾಣ ಮಾಡಬೇಕು, ಮಾಡದವನು ಕೀ ಇಟ್ಟು ಹೋಗಬೇಕು ಎಂದು ಅಪ್ಪಣೆಯಾಯಿತು.

ಕರಿಬಸವಯ್ಯ ಮುಂದೆ ಬಂದ. ಉರಿಯ ಮೇಲೆ ಅಂಗೈ ಹಿಡಿದ. "ನನ್ನ ಕೊರಳಲ್ಲಿರೋ ಲಿಂಗದಾಣೆ, ನಾನು ಕದ್ದಿಲ್ಲ. ಪಿಳ್ಳಪ್ಪನೂ ಕದ್ದಿಲ್ಲ."

"ಅವನ ವಿಷ್ಯ ಯಾಕೆ ನಿಂಗೆ?" ಎಂದರು ಮಹಾಂತೇಶ್.

ಅವನು ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆಯ ಗಂಟು ತೆಗೆದು ಬಿಚ್ಚಿದ. ಅಯಸ್ಕಾಂತ ಟಕ್ಕೆಂದು ಮೇಜನ್ನು ಕಚ್ಚಿಕೊಂಡಿತು. ಇದನ್ನು ತೆಗೆದೇ ಇಷ್ಟು ದಿನ ಗಾಡಿ ಓಡಿಸಿದೆ, ಅದು ಕುಡಿಯುವ ಡೀಸೆಲ್ಲಿನಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ ಎಂದ. ಆಮೇಲೆ ದನಿಯೇರಿಸದೆ ಹೇಳಿದ: "ನನ್ನ ಪ್ರಮಾಣ ಮುಗೀತು ಸಾರ್. ಈಗ ನಿಮ್ದು. ಇದರಿಂದ ಡೀಸೆಲ್ ಉಳಿಯುತ್ತೆ ಅಂತ ಇಬ್ರೂ ಕೈಯಿಟ್ಟು ಹೇಳಿ. ನಾನೇ ಕಳ್ಳ ಅಂತ ಒಪ್ಕೋತೀನಿ."

ಭಾರ್ಗವ ನಕ್ಕರು. "ಅಣ್ಣ, ಇದು ಸೈನ್ಸು. ಸೈನ್ಸಿಗೆ ಯಾರಾದ್ರೂ ಆಣೆ ಇಡ್ತಾರಾ?"

"ನಮ್ಮ ಹೊಟ್ಟೆಪಾಡಿಗೆ ಮಾತ್ರ ಆಣೆ ಬೇಕಾ ಸಾರ್?"

ಮಹಾಂತೇಶರ ಕಣ್ಣು ಕರ್ಪೂರದ ಮೇಲಿತ್ತು, ಕೈ ಜೇಬಿನಲ್ಲಿತ್ತು. "ಕೀ ಇಟ್ಟು ನಡಿ" ಎಂದರು.

ಕರಿಬಸವಯ್ಯ ಕೀ ಇಟ್ಟ. ಹೋಗಲಿಲ್ಲ, ಅಲ್ಲೇ ನೆಲದ ಮೇಲೆ ಕೂತ. ಹನುಮಯ್ಯ ಎಂಬ ಹಿರಿಯ ಡ್ರೈವರು ತನ್ನ ಗಾಡಿಯ ಕೆಳಗೆ ತೂರಿದ. ಮೈಯೆಲ್ಲ ಮಣ್ಣು ಮಾಡಿಕೊಂಡು ಎದ್ದು ಬಂದು ತನ್ನ ಅಯಸ್ಕಾಂತವನ್ನು ಮೇಜಿನ ಮೇಲಿಟ್ಟ. ಟಕ್. ಪಕ್ಕದಲ್ಲಿ ಕೀ ಇಟ್ಟ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಶಿವನ ಫೋಟೋದ ಸುತ್ತ ಕುಂಕುಮ ಮೆತ್ತಿದ ಕಪ್ಪು ತುಂಡುಗಳು ಕಚ್ಚಿಕೊಂಡು ನಿಂತವು.

ಮಹಾಂತೇಶರ ಫೋನು ಬಡಿದುಕೊಳ್ಳತೊಡಗಿತು. ಎಲ್ಲೋ ಸಂಪು ಖಾಲಿಯಾಗಿತ್ತು. ಅವರು ಎತ್ತಲಿಲ್ಲ. ತಟ್ಟೆಯಲ್ಲಿ ಕರ್ಪೂರ ಕರಗಿ ಮಸಿಯಾಯಿತು. ಮಹಾಂತೇಶ್, ಭಾರ್ಗವ ಇಬ್ಬರಲ್ಲಿ ಒಬ್ಬರೂ ಅದರ ಮೇಲೆ ಕೈ ಚಾಚಿರಲಿಲ್ಲ.

"ಇನ್ನೊಂದು ಬಿಲ್ಲೆ ಹಚ್ಚಿ ಸಾರ್" ಎಂದ ಕರಿಬಸವಯ್ಯ. "ಪಿಳ್ಳಪ್ಪನಿಗೆ ಹೇಳಿ ಕಳಿಸಿದ್ದೀವಿ. ಅವನೂ ನೋಡ್ಲಿ. ನಾವು ಕಾಯ್ತೀವಿ."